ಬಂಡಾರ ಮೆತ್ತಿದ ಕಣ್ಣು

ಪೆಂಟಮ್ಮ ಗುಂಡಿ ಒತ್ತಿದಳು. ಮೋಟಾರು ನಿಲ್ಲಲಿಲ್ಲ. ಮತ್ತೆ ಒತ್ತಿದಳು, ಇನ್ನೂ ಒಮ್ಮೆ ಒತ್ತಿದಳು. ಯಂತ್ರದ ಪಟ್ಟಾ ಅವಳ ಬಲಗೈಯನ್ನು ಗಾಲಿಯ ಸಂದಿಗೆ ಎಳೆದುಕೊಳ್ಳುತ್ತಲೇ ಇತ್ತು; ಎಡಗೈ ಮಾತ್ರ ಗುಂಡಿಯನ್ನು ಬಿಟ್ಟಿರಲಿಲ್ಲ. ದಸರೆ ಮುಗಿಸಿ ಮಕ್ತಲಿನ ಅಯ್ಯಣ್ಣನ ಶೇಂಗಾ ಮಿಲ್ಲು ಬಾಗಿಲು ತೆರೆದ ಮೊದಲ ಬೆಳಗ್ಗೆ ಅದು. ಹಬ್ಬದ ಮಾತು ಇನ್ನೂ ಯಾರ ಬಾಯಿಂದಲೂ ಹೋಗಿರಲಿಲ್ಲ.

ಅಂಗಳದ ನಡುವೆ ನಿಂತಿದ್ದ ಭಾಗ್ಯಜ್ಯೋತಿ ಅದನ್ನು ಕಣ್ಣಾರೆ ಕಂಡಳು. ಅವಳು ಅಯ್ಯಣ್ಣನ ಒಬ್ಬಳೇ ಮಗಳು. ಗದ್ವಾಲದ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ, ಬತುಕಮ್ಮ ದಸರೆಯ ರಜೆಗೆಂದು ಮನೆಗೆ ಬಂದಿದ್ದಳು. ಪೆಂಟಮ್ಮ ಒತ್ತುತ್ತಿದ್ದ ಆ ಗುಂಡಿಯನ್ನು ಮಾಡಿಕೊಟ್ಟವಳೂ ಅವಳೇ. ಓಡಬೇಕಿತ್ತು, ಓಡಲಿಲ್ಲ. ‘ಒತ್ತಿದಳಲ್ಲ, ಈಗ ನಿಲ್ಲುತ್ತದೆ, ಇದೋ ಈಗ ನಿಲ್ಲುತ್ತದೆ’ ಎಂದು ಕಾಯುತ್ತ ನಿಂತುಬಿಟ್ಟಳು. ತಾನು ಮಾಡಿದ ವಸ್ತುವಿನ ಮೇಲೆ ಅಷ್ಟು ಭರವಸೆ. ಕೊನೆಗೆ ಚೀಲ ಹೊರುತ್ತಿದ್ದ ಪೆಂಟಮ್ಮನ ಗಂಡ ಖಂಡಪ್ಪ ಬೆನ್ನ ಮೇಲಿನ ಚೀಲವನ್ನು ಅಲ್ಲೇ ಕೆಡವಿ, ಅಂಗಳ ದಾಟಿ, ಆಚೆ ಬದಿಯ ಆಫೀಸು ಕೋಣೆಗೆ ನುಗ್ಗಿ ಮೇನು ಸ್ವಿಚ್ಚು ಎಳೆದ. ಗದ್ದಲ ಇಳಿದ ಮೇಲಷ್ಟೇ ಪೆಂಟಮ್ಮನ ಕೂಗು ಕೇಳಿಸಿದ್ದು. ಅಲ್ಲಿಯತನಕ ಅವಳು ಕೂಗುತ್ತಿದ್ದಾಳೆಂದೇ ಯಾರಿಗೂ ಗೊತ್ತಾಗಿರಲಿಲ್ಲ.

ಅಯ್ಯಣ್ಣನ ಜೀಪಿನಲ್ಲೇ ನಾರಾಯಣಪೇಟೆಯ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಭಾಗ್ಯಜ್ಯೋತಿಯ ತೊಡೆಯ ಮೇಲೆ ಪೆಂಟಮ್ಮನ ತಲೆ. ಕೈ ಉಳಿಯಲಿಲ್ಲ, ಮಣಿಕಟ್ಟಿನ ಮೇಲಕ್ಕೆ ತೆಗೆದರು. ಡಾಕ್ಟರು ಹೊರಗೆ ಬಂದು ಅದನ್ನು ಹೇಳಿದಾಗ ಖಂಡಪ್ಪ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಭಾಗ್ಯಜ್ಯೋತಿಗೆ ಅಳು ಸಹ ಬರಲಿಲ್ಲ. ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು: ಯಾಕೆ ನಿಲ್ಲಲಿಲ್ಲ?

ಈ ಗುಂಡಿಯ ಕಥೆಯನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಅಯ್ಯಣ್ಣನ ಮಿಲ್ಲಿನಲ್ಲಿ ಶೇಂಗಾ ಒಡೆಯುವ ಯಂತ್ರ ಅಂಗಳದ ಒಂದು ಬದಿಯ ಶೆಡ್ಡಿನಲ್ಲಿತ್ತು, ಅದರ ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ಡಬ್ಬಿ ಇನ್ನೊಂದು ಬದಿಯ ಆಫೀಸಿನಲ್ಲಿ. ಸ್ಟಾರ್ಟರು ತನ್ನ ಕಣ್ಣ ಮುಂದೆಯೇ ಇರಬೇಕೆಂಬುದು ಅಯ್ಯಣ್ಣನ ಹಟ. ಹೀಗಾಗಿ ಶೆಡ್ಡಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಯಾರಾದರೂ ಅಂಗಳ ದಾಟಿ ಓಡಬೇಕಿತ್ತು. ನಡುವೆ ತಂತಿ ಎಳೆದು ನೋಡಿದ್ದರು. ನೆಲದ ಮೇಲೆ ಎಳೆದದ್ದನ್ನು ಹೆಗ್ಗಣ ಕಡಿದವು, ಮೇಲಿಂದ ಎಳೆದದ್ದನ್ನು ಹೊಟ್ಟಿನ ಟ್ರ್ಯಾಕ್ಟರು ಹರಿದುಕೊಂಡು ಹೋಯಿತು. ಆಗ ಭಾಗ್ಯಜ್ಯೋತಿ ತಂತಿಯೇ ಬೇಡವೆಂದು ಅಂಗೈಯಗಲದ ಎರಡು ಬೋರ್ಡು ಮಾಡಿದಳು. ಎರಡರ ಮೇಲೂ ಒಂದೊಂದು ಮೈಕ್ರೋಕಂಟ್ರೋಲರು, ಬುದ್ಧಿಯೆಲ್ಲ ಅದರೊಳಗೇ.

ಒಂದು ಬೋರ್ಡನ್ನು ಯಂತ್ರದ ಪಕ್ಕದ ಕಂಬಕ್ಕೆ ಕೂರಿಸಿದಳು. ಅದರ ಗುಂಡಿ ಒತ್ತಿದರೆ ಶೇಂಗಾ ಬೀಜದಷ್ಟು ಸಣ್ಣದೊಂದು ಬಲ್ಬು ಮಿಣುಕುತ್ತಿತ್ತು. ಆದರೆ ಆ ಬೆಳಕು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಟೀವಿ ರಿಮೋಟಿನಿಂದ ಬರುತ್ತದಲ್ಲ, ಅದೇ ಇನ್ಫ್ರಾರೆಡ್ ಬೆಳಕು. ಇನ್ನೊಂದು ಬೋರ್ಡು ಆಫೀಸಿನ ಕಿಟಕಿಯಲ್ಲಿ, ತನ್ನ ಕರಿಯ ಕಣ್ಣನ್ನು ಅಂಗಳದ ಕಡೆಗೆ ತಿರುಗಿಸಿಕೊಂಡು ಕೂತಿತ್ತು. ಮಿಣುಕಿನ ಲೆಕ್ಕ ಸರಿಯಾಗಿ ಬಂದರೆ, ಅಂದರೆ ಇದು ನಮ್ಮ ಬೋರ್ಡಿನದೇ ಮಾತು ಎಂದು ಅದಕ್ಕೆ ಖಾತ್ರಿಯಾದರೆ, ಅದರ ಒಳಬದಿಯಲ್ಲಿ ಹಸಿರು ದೀಪ ಹತ್ತಿ, ಟಿಕ್ ಎಂದು ಸದ್ದಾಗಿ, ಮೋಟಾರು ನಿಲ್ಲುತ್ತಿತ್ತು.

ಅಯ್ಯಣ್ಣನಿಗೆ ಹಿಗ್ಗೋ ಹಿಗ್ಗು. ರಾಯಚೂರಿನಿಂದ ಬಂದ ವ್ಯಾಪಾರಿಗಳನ್ನೆಲ್ಲ ಶೆಡ್ಡಿಗೆ ಕರೆದೊಯ್ದು, “ತಂತಿ ಐತೇನ್ರೀ? ಹುಡುಕ್ರಿ ನೋಡೋಣ! ನನ್ ಮಗಳು ಮಾಡ್ಯಾಳ” ಎಂದು ಅವರ ಕೈಯಿಂದಲೇ ಗುಂಡಿ ಒತ್ತಿಸುತ್ತಿದ್ದ. ಒಂದು ವಾರ ಶೇಂಗಾ ಒಡೆದದ್ದಕ್ಕಿಂತ ತೋರಿಸಿದ್ದೇ ಹೆಚ್ಚು.

ಪೆಂಟಮ್ಮನಿಗೂ ಆ ಗುಂಡಿಯ ಮೇಲೆ ಮಮತೆ. ಇಪ್ಪತ್ತು ವರ್ಷದಿಂದ ಯಂತ್ರದ ಬಾಯಿಗೆ ಶೇಂಗಾ ಸುರಿಯುತ್ತಿದ್ದವಳು ಅವಳು. ಭಾಗ್ಯಜ್ಯೋತಿ ತಾಯಿಯಿಲ್ಲದ ಕೂಸು. ಅವಳನ್ನು ಹೊಟ್ಟಿನ ರಾಶಿಯ ಮೇಲೆ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳೂ ಪೆಂಟಮ್ಮನೇ. ಮೈಲಾರನ ಒಕ್ಕಲಿನ ಮನೆತನ ಅವಳದು. ಪ್ರತಿ ವರ್ಷ ಆಯುಧ ಪೂಜೆಗೆ ಅಯ್ಯಣ್ಣ ಯಂತ್ರಕ್ಕೆ ವಿಭೂತಿ ಬಳಿದರೆ, ಪೆಂಟಮ್ಮ ತನ್ನ ಮನೆಯ ಚೀಲದಿಂದ ಬಂಡಾರ ತಂದು, ಎಣ್ಣೆಯಲ್ಲಿ ಕಲಸಿ, ಒಂದು ಮೊಳೆಯನ್ನೂ ಬಿಡದೆ ಅರಿಶಿನದ ಬೊಟ್ಟು ಇಡುತ್ತಿದ್ದಳು. ಈ ಸಲವೂ ಇಟ್ಟಳು. ಯಂತ್ರಕ್ಕೆ, ಗಾಲಿಗೆ, ತಕ್ಕಡಿಗೆ, ಸ್ಟಾರ್ಟರ್ ಡಬ್ಬಿಯ ಬಾಗಿಲು ತೆಗೆಸಿ ಅದರೊಳಗೆ ಕೂಡ. ಕೊನೆಗೆ ಕಿಟಕಿಯ ಬೋರ್ಡಿನ ಕರಿಯ ಕಣ್ಣಿಗೆ ದಪ್ಪಗೆ ಮೆತ್ತಿ, “ದೃಷ್ಟಿ ತಾಗಬಾರ್ದವ್ವ ನನ್ ಕೂಸಿನ ಕೆಲ್ಸಕ್ಕ” ಎಂದು ಬೆರಳು ನೆಟಿಕೆ ಮುರಿದಿದ್ದಳು.

ಕೈ ಹೋದ ದಿನ ಸಂಜೆ ಅಯ್ಯಣ್ಣ ಮಗಳನ್ನು ಆಫೀಸಿನ ಕಿಟಕಿಯ ಹತ್ತಿರ ಕರೆದ. ಅವನ ಮುಖ ಬೂದಿಯಾಗಿತ್ತು.

“ಇಲ್ನೋಡು,” ಎಂದ. “ಕಣ್ಣಿಗೆ ಬಂಡಾರ ಮೆತ್ಕೊಂಡೈತಿ. ನಾ ಇಲ್ಲೇ ಕುಂತಿದ್ನಿ ಭಾಗ್ಯ. ದೀಪ ಹತ್ತಲೇ ಇಲ್ಲ.”

ಭಾಗ್ಯಜ್ಯೋತಿ ನೋಡಿದಳು. ಕರಿಯ ಕಣ್ಣು ಎಲ್ಲಿಯೂ ಕಾಣುತ್ತಿರಲಿಲ್ಲ, ಒಣಗಿ ಬಿರುಕು ಬಿಟ್ಟ ಹಳದಿ ಹೆಂಟೆ ಮಾತ್ರ. ಪೂಜೆಯ ದಿನ ಪಕ್ಕದಲ್ಲೇ ನಿಂತು ನಕ್ಕಿದ್ದಳಲ್ಲ ತಾನು! ಒರೆಸಬೇಕು ಎಂದು ಹೊಳೆಯಲಿಲ್ಲವಲ್ಲ! ಕಲಿತ ವಿದ್ಯೆಯನ್ನೆಲ್ಲ ಆ ಕ್ಷಣ ಕೃಷ್ಣೆಗೆ ಎಸೆದು ಬರಬೇಕು ಅನ್ನಿಸಿತು. ಅಪ್ಪ ಹೇಳಿದ, ಕಣ್ಣೂ ಕಂಡಿತು, ಸಂಶಯಪಡಲು ಏನು ಉಳಿದಿತ್ತು?

ಆಸ್ಪತ್ರೆಯಲ್ಲಿ ಪೆಂಟಮ್ಮನಿಗೆ ಅದನ್ನು ಹೇಳಿದವನೂ ಅಯ್ಯಣ್ಣನೇ. ಅವಳ ಉಳಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಣ್ಣ ಹುಡುಗನ ಹಾಗೆ ಅತ್ತ. “ಬಂಡಾರ ಕಣ್ಣಿಗೆ ಅಡ್ಡ ಬಂತವ್ವ ಪೆಂಟಮ್ಮ. ಮೈಲಾರಗ ನಮ್ ಮ್ಯಾಲ ಯಾಕ ಸಿಟ್ಟು ಬಂತೋ ಏನೋ.” ಪೆಂಟಮ್ಮ ಅವನ ಮುಖವನ್ನೇ ನೋಡಿದಳು. ನೋವಿಗೆ ಅಳದಿದ್ದವಳ ಕಣ್ಣಲ್ಲಿ ಆಗ ನೀರು ಬಂತು.

“ನಾನೇ ಹಚ್ಚಿದ್ನೆಲ್ರೀ ಸಾವ್ಕಾರ್ರ. ನನ್ ಕೈಯ್ಯಾರ ಹಚ್ಚಿದ್ನೆಲ್ಲ,” ಎಂದಳು.

ಆಮೇಲೆ ನಡೆದದ್ದು ಕೈ ಹೋದದ್ದಕ್ಕಿಂತ ಕೆಟ್ಟದ್ದು. ಮಕ್ತಲಿನ ಕುರುಬರ ಓಣಿಯಲ್ಲಿ ಆಡಿಕೊಳ್ಳುವವರಿಗೆ ಹಬ್ಬ. ಮೈಲಿಗೆಯಲ್ಲಿ ಬಂಡಾರ ಮುಟ್ಟಿರಬೇಕು ಎಂದವರು ಕೆಲವರು, ದೇವರ ಬಂಡಾರವನ್ನು ಮಿಷನ್ನಿಗೆ ಹಚ್ಚುವ ಸೊಕ್ಕು ಯಾಕೆ ಬೇಕಿತ್ತು ಎಂದವರು ಕೆಲವರು. ಹಿಂದಿನ ವರ್ಷದತನಕ ಇವರೆಲ್ಲ ತಮ್ಮ ತಮ್ಮ ಬೋರಿನ ಮೋಟಾರಿಗೆ ಅವಳಿಂದಲೇ ಬೊಟ್ಟು ಇಡಿಸಿಕೊಂಡವರು! ಪೆಂಟಮ್ಮ ಮನೆಗೆ ಬಂದವಳೇ ಹಣೆ ತೊಳೆದುಕೊಂಡಳು. ಹುಟ್ಟಿದಾಗಿನಿಂದ ಹಳದಿಯಾಗಿದ್ದ ಹಣೆ ಬೋಳಾಯಿತು. ಬಂಡಾರದ ಚೀಲವನ್ನು ಜಂತಿಗೆ ಕಟ್ಟಿಸಿ, ಅದರ ಕೆಳಗೆ ಓಡಾಡುವುದನ್ನೂ ಬಿಟ್ಟಳು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು, ಮನೆಯಲ್ಲಿ ತಿಂಗಳ ಗಂಡು ಕೂಸು. ಅದರ ಹಣೆಗೆ ಅಜ್ಜಿ ಬಂಡಾರ ಇಟ್ಟ ಮೇಲೆಯೇ ಹೆಸರು ಇಡುವುದು ಅವರ ಮನೆಯ ಪದ್ಧತಿ. ಪೆಂಟಮ್ಮ ಒಲ್ಲೆ ಎಂದಳು.

“ನನ್ ಬಂಡಾರ ಕಣ್ಣು ಕುರುಡು ಮಾಡ್ತೈತಿ,” ಎಂದು ಕೂಸನ್ನು ಎತ್ತಿಕೊಳ್ಳಲೂ ಇಲ್ಲ.

ಇದನ್ನು ಕೇಳಿಸಿಕೊಂಡು ಬಂದ ಭಾಗ್ಯಜ್ಯೋತಿ ಎರಡೂ ಬೋರ್ಡನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡು ಗದ್ವಾಲಕ್ಕೆ ಹೋದಳು. ಎಷ್ಟು ಕೊಳೆ ಕೂತರೆ ಕಣ್ಣು ಮುಚ್ಚುತ್ತದೆ ಎಂದು ತಿಳಿದುಕೊಂಡು, ಅದಕ್ಕೆ ಗಾಜಿನ ಮುಚ್ಚಳ ಮಾಡಬೇಕು ಎಂಬುದು ಅವಳ ಯೋಚನೆ. ತಪ್ಪು ನನ್ನದೂ ಇದೆ, ಇನ್ನೊಬ್ಬರ ಕೈಯಾದರೂ ಉಳಿಯಲಿ ಎಂದುಕೊಂಡಿದ್ದಳು. ಬಂಡಾರವನ್ನು ಒರೆಸಿರಲಿಲ್ಲ. ಒರೆಸಲು ಮನಸ್ಸೇ ಬಂದಿರಲಿಲ್ಲ.

ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ದೇವಿಕಾ ಇದ್ದಳು. ಒಂದು ಬೋರ್ಡನ್ನು ಈ ಮೇಜಿನ ಮೇಲೆ, ಇನ್ನೊಂದನ್ನು ಕೋಣೆಯ ಆ ತುದಿಯ ಮೇಜಿನ ಮೇಲೆ ಇಟ್ಟು ಕರೆಂಟು ಕೊಟ್ಟರು. ಭಾಗ್ಯಜ್ಯೋತಿ ಗುಂಡಿ ಒತ್ತಿದಳು.

ಟಿಕ್. ಹಸಿರು ದೀಪ ಹತ್ತಿತು.

ಅವಳು ಕೈ ತೆಗೆದಳು. ತಪ್ಪಿ ಏನೋ ಆಯಿತು ಎಂದುಕೊಂಡು ಮತ್ತೆ ಒತ್ತಿದಳು. ಟಿಕ್. ಹಸಿರು ದೀಪ.

“ಚಲೋ ಕೆಲ್ಸ ಮಾಡ್ತೈತೆಲ್ಲ! ಕೆಟ್ಟೈತಿ ಅಂದಿದ್ರಿ?” ಎಂದಳು ದೇವಿಕಾ.

“ಅದರ ಕಣ್ಣು ನೋಡ್ರಿ. ಬಂಡಾರ ಬಿದ್ದು ಹೋಗೈತೇನು?”

“ಇಲ್ರೀ, ಹಂಗೇ ಮೆತ್ಕೊಂಡೈತಿ.”

ಭಾಗ್ಯಜ್ಯೋತಿ ಕ್ಯಾಂಟೀನಿನಿಂದ ಅರಿಶಿನ ತರಿಸಿ, ಎಣ್ಣೆಯಲ್ಲಿ ಕಲಸಿ, ಮೊದಲಿದ್ದುದರ ಮೇಲೆ ಇನ್ನೊಂದು ಸುತ್ತು ಮೆತ್ತಿದಳು. ಹತ್ತಿತು. ಬೋರ್ಡನ್ನು ಓರೆ ಮಾಡಿ, ಇನ್ನೂ ದೂರ, ವರಾಂಡದ ಕೊನೆಗೆ ಒಯ್ದು ಇಟ್ಟಳು. ಹತ್ತಿತು. ಗುಂಡಿಯ ಬೋರ್ಡಿನ ಬಲ್ಬಿಗೆ ಅರಿಶಿನ ಮೆತ್ತಿ, ಅದರ ಮುಂದೆ ಮೊಬೈಲಿನ ಕ್ಯಾಮೆರಾ ಹಿಡಿದಳು. ಬರಿಗಣ್ಣಿಗೆ ಏನೂ ಇಲ್ಲ, ಮೊಬೈಲಿನ ಪರದೆಯಲ್ಲಿ ಮಾತ್ರ ಆ ಅರಿಶಿನದ ಹೆಂಟೆಯ ಒಳಗಿಂದಲೇ ಬಿಳಿನೇರಳೆ ಬೆಳಕು ಮಿಣಮಿಣ ಹಾಯ್ದು ಬರುತ್ತಿತ್ತು. ನಮ್ಮ ಕಣ್ಣಿಗೆ ಗೋಡೆಯಾಗಿರುವ ಬಂಡಾರ ಆ ಬೆಳಕಿಗೆ ತೆಳ್ಳನೆಯ ಪರದೆ, ಅಷ್ಟೇ. ಇದನ್ನು ಅವಳು ಅವತ್ತೇ ಪರೀಕ್ಷೆ ಮಾಡಬಹುದಿತ್ತು. ಆದರೆ ಹಳದಿ ಹೆಂಟೆಯನ್ನು ಕಂಡ ತಕ್ಷಣ ಊರಿನ ಜೊತೆ ಅವಳೂ ನಂಬಿದ್ದಳು.

ಬಂಡಾರವಲ್ಲ. ಪೆಂಟಮ್ಮ ಅಲ್ಲ. ಹಾಗಾದರೆ ಏನು? ಖುಷಿಯಾಗಬೇಕಿತ್ತು, ಹೆದರಿಕೆಯಾಯಿತು. ಗುಂಡಿ ಸಡಿಲವಿತ್ತೇ? ಇಲ್ಲ. ಬಿಸಿಲೇ? ಬೆಳಗಿನ ಹೊತ್ತು ಆ ಕಿಟಕಿಗೆ ಬಿಸಿಲು ಬೀಳುವುದಿಲ್ಲ. ಬೋರ್ಡು ಮಾತಾಡಿದೆ, ಬೋರ್ಡು ಕೇಳಿಸಿಕೊಂಡಿದೆ. ಅಂದ ಮೇಲೆ ಉಳಿಯುವುದು ಬೋರ್ಡಿನಿಂದ ಆಚೆಗಿನದು: ಸ್ಟಾರ್ಟರ್ ಡಬ್ಬಿ.

ಶನಿವಾರ ಬೆಳಗಿನ ಬಸ್ಸು ಹಿಡಿದು ಮಕ್ತಲಿಗೆ ಬಂದಳು. ಮಿಲ್ಲು ನಡೆಯುತ್ತಿತ್ತು. ಪೆಂಟಮ್ಮನ ಜಾಗದಲ್ಲಿ ಸತ್ಯಮ್ಮ ಎಂಬ ಹೆಂಗಸು ಶೇಂಗಾ ಸುರಿಯುತ್ತಿದ್ದಳು. ಊಟದ ಬಿಡುವಿಗೆ ಮೋಟಾರು ನಿಲ್ಲುವುದನ್ನೇ ಕಾದು, ಭಾಗ್ಯಜ್ಯೋತಿ ಮೇನು ಆಫ್ ಮಾಡಿ ಡಬ್ಬಿಯ ಬಾಗಿಲು ತೆಗೆದಳು. ಅವಳ ಬೋರ್ಡಿಗೆಂದು ಬಿಟ್ಟಿದ್ದ ಎರಡು ವೈರಿನ ತುದಿಗಳನ್ನು ಒಂದು ಗೇಣು ತಾಮ್ರದ ತಂತಿ ನೇರವಾಗಿ ಕೂಡಿಸಿತ್ತು. ಆ ತಂತಿ ಇದ್ದರೆ ಬೋರ್ಡು ಟಿಕ್ ಎನ್ನಲಿ, ಬಾಯಿ ಬಡಿದುಕೊಳ್ಳಲಿ, ಮೋಟಾರಿಗೆ ಅದರ ಹಂಗಿಲ್ಲ.

“ಏನ್ ಹುಡುಕ್ತಿ?” ಹಿಂದಿನಿಂದ ಅಯ್ಯಣ್ಣನ ದನಿ.

“ಈ ತಂತಿ ಯಾವಾಗ ಹಾಕ್ದಿ ಅಪ್ಪ?”

“ನೀ ಬೋರ್ಡು ಕಿತ್ಕೊಂಡು ಹೋದಿ. ಕೂಡಿಸ್ದಿದ್ರ ಮೋಟಾರು ಹೆಂಗ ಚಾಲೂ ಆಗ್ಬೇಕು? ನೀ ಹೋದ ಮರುದಿನ ಹಾಕ್ನಿ.”

ಮಾತು ಸರಿಯಾಗಿಯೇ ಇತ್ತು. ಭಾಗ್ಯಜ್ಯೋತಿಗೆ ಎಂಥ ಸಮಾಧಾನವಾಯಿತೆಂದರೆ, ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂರಬೇಕು ಅನ್ನಿಸಿತು. ಹೌದಲ್ಲ, ತಾನೇ ಕಿತ್ತುಕೊಂಡು ಹೋಗಿದ್ದಲ್ಲವೇ! ಅಪ್ಪನ ಮೇಲೆ ಎಂಥ ಕೆಟ್ಟ ಯೋಚನೆ ಬಂದುಬಿಟ್ಟಿತ್ತು! ಡಬ್ಬಿಯ ಬಾಗಿಲು ಹಾಕಲು ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

ತಂತಿಯ ಮೇಲೆ ಬಂಡಾರ ಇತ್ತು. ಎಣ್ಣೆ ಬೆರೆತ ಅದೇ ಗಟ್ಟಿ ಅರಿಶಿನ, ಪೆಂಟಮ್ಮನ ಹೆಬ್ಬೆರಳಿನ ಗೆರೆಗಳ ಸಮೇತ. ಬೊಟ್ಟಿನ ಅರ್ಧ ತಂತಿಯ ಮೇಲೆ, ಇನ್ನರ್ಧ ಪಕ್ಕದ ಸ್ಕ್ರೂವಿನ ಮೇಲೆ, ನಡುವೆ ಎಲ್ಲಿಯೂ ಒಡೆದಿರಲಿಲ್ಲ. ಮಗಳು ಬೋರ್ಡು ಒಯ್ದ ಮೇಲೆ ಅಯ್ಯಣ್ಣ ಮಿಲ್ಲಿನಲ್ಲಿ ಉಳಿದಿದ್ದ ಬಂಡಾರವನ್ನೆಲ್ಲ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿಸಿದ್ದ. ಡಬ್ಬಿಯ ಒಳಗೆ ಯಾರೂ ಕೈ ಹಾಕಿರಲಿಲ್ಲ. ಪೂಜೆಯ ದಿನ ಪೆಂಟಮ್ಮ ಬೊಟ್ಟು ಇಡುವಾಗಲೇ ಆ ತಂತಿ ಅಲ್ಲಿತ್ತು. ಪಾಪದ ಹೆಂಗಸು, ತನ್ನ ಕೈ ತಿನ್ನಲಿರುವ ತಂತಿಗೂ ಅರಿಶಿನ ಹಚ್ಚಿ ಕೈ ಮುಗಿದಿದ್ದಳು.

ಭಾಗ್ಯಜ್ಯೋತಿ ಆ ಬೊಟ್ಟನ್ನು ಬೆರಳಿನಿಂದ ತೋರಿಸಿದಳು. ಅಯ್ಯಣ್ಣ ಬಗ್ಗಿ ನೋಡಿದ. ಅವನಿಗೂ ತಿಳಿಯಿತು. ಆಫೀಸಿನ ಬಾಗಿಲು ಹಾಕಿ ಬಂದು ಕೂತ.

“ಸೀಜನ್ ಮುಗಿಯೂತನ ಅಂತ ಹಾಕಿದ್ನೆವ್ವ,” ಎಂದ. “ಮೊದ್ಲು ತಾಸು ತಾಸಿಗೆ ಕರೆಂಟ್ ಹೋಗ್ತಿತ್ತು, ಹೆಣ್ಮಕ್ಳು ಕುಂತು ಎಲಿ ಅಡಿಕಿ ಹಾಕ್ಕೊಂತಿದ್ರು. ಬ್ಯಾರೆ ಆಗಿ ನಮ್ ರಾಜ್ಯ ನಮಗ ಬಂದ ಮ್ಯಾಲ ಕರೆಂಟ್ ಹೋಗದು ನಿಂತ್ತು. ಇನ್ನರ ಕೆಲ್ಸ ಆಗತೈತಿ ಅನ್ನದ್ರಾಗ ನೀ ಗುಂಡಿ ತಂದಿಟ್ಟಿ. ಕೈ ಸೋತ್ರ ಒತ್ತು, ದಮ್ಮು ಹತ್ತಿದ್ರ ಒತ್ತು, ಮಾತಾಡೋದಿದ್ರ ಒತ್ತು! ನನ್ ಮಗಳು ಮಾಡಿದ್ದು, ತಗದು ಬಿಸಾಕಾಕ ಮನಸ್ಸು ಬರ್ಲಿಲ್ಲ. ಹಬ್ಬಕ್ಕ ಮಿಲ್ಲು ಮುಚ್ಚಿದ ರಾತ್ರಿ ಒಂದು ತಂತಿ ಹಾಕ್ನಿ.”

“ಅವರಿಗೆ ಹೇಳಿದ್ದೇನು?”

“ಏನಂತ ಹೇಳ್ಲಿ? ಎರಡು ದಿನ ಒತ್ತಿ ಸುಮ್ನಾಗ್ತಾರ ಅಂದ್ಕೊಂಡ್ನಿ.”

“ಅಪ್ಪ, ಅಕಿ ಬಂಡಾರದ ಚೀಲ ಜಂತಿಗೆ ಕಟ್ಯಾಳ. ಕೂಸು ಎತ್ಕೊಳ್ಳವಲ್ಲಳು.”

ಅಯ್ಯಣ್ಣ ಕೈ ಮುಗಿದ. ಅಪ್ಪ ತನಗೆ ಕೈ ಮುಗಿದದ್ದನ್ನು ಭಾಗ್ಯಜ್ಯೋತಿ ಜನ್ಮದಲ್ಲಿ ಮೊದಲ ಸಲ ನೋಡಿದಳು. “ಹೋದ ಕೈ ಬರ್ತದೇನು? ಅಕಿ ಹೊಟ್ಟಿಗೆ ನಾ ಕಡಿತನ ನೋಡ್ಕೋತೀನಿ. ದೇವರ ಮ್ಯಾಲ ಹಾಕಿದ್ರ ದೇವರಿಗೇನು ನೋವಾಗಲ್ಲ. ನನ್ ಮ್ಯಾಲ ಹಾಕಿದ್ರ ನಾ ಈ ಊರಾಗ ತಲಿ ಎತ್ತಂಗಿಲ್ಲವ್ವ.”

ಮಗಳಿಗೆ ಅವನ ಮೇಲೆ ಮರುಕ ಬಂತು, ಅದರ ಹಿಂದೆಯೇ ಅಸಹ್ಯವೂ ಬಂತು. ಯಾವುದು ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ. ಸಾಕಿ ಬೆಳೆಸಿದ ಅಪ್ಪ ಈ ಕಡೆ. ಎತ್ತಿ ಆಡಿಸಿದ ಪೆಂಟಮ್ಮ ಆ ಕಡೆ, ದೇವರನ್ನೇ ಬಿಟ್ಟು ಬೋಳು ಹಣೆಯಲ್ಲಿ ಕೂತಿದ್ದಾಳೆ. ಆ ದಿನ ಮನೆಯಲ್ಲಿ ಇಬ್ಬರೂ ಉಣ್ಣಲಿಲ್ಲ.

ಭಾನುವಾರ ಮಿಲ್ಲಿಗೆ ರಜೆ. ಭಾಗ್ಯಜ್ಯೋತಿ ಬೆಳಿಗ್ಗೆಯೇ ತಂತಿ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು, ಎರಡೂ ಬೋರ್ಡನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿದಳು. ಆಮೇಲೆ ಕುರುಬರ ಓಣಿಗೆ ಹೋಗಿ, “ಪೆಂಟಮ್ಮತ್ತಿ, ಒಂದೀಟು ಮಿಲ್ಲಿಗೆ ಬಾ. ಒಂದು ತೋರ್ಸಬೇಕು,” ಎಂದಳು.

“ನಾ ಆ ಕಡಿ ಕಾಲಿಡಲ್ಲವ್ವ.”

“ನನ್ ಸಲುವಾಗಿ ಬಾ ಅತ್ತಿ.”

ಹಾಗೆ ಕೇಳಿದರೆ ಇಲ್ಲ ಎನ್ನುವ ಹೆಂಗಸಲ್ಲ ಅವಳು. ಖಂಡಪ್ಪನೂ ಹಿಂದೆ ಬಂದ. ಮಿಲ್ಲಿನ ಬಾಗಿಲು ತೆರೆದಿದ್ದನ್ನು ಕಂಡು ಅಯ್ಯಣ್ಣ ಮನೆಯಿಂದ ಬಂದವನು ಅಂಗಳದ ಅಂಚಿನಲ್ಲೇ ನಿಂತ. ಮಗಳನ್ನು ತಡೆಯಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ಭಾಗ್ಯಜ್ಯೋತಿ ಕಿಟಕಿಯ ಬೋರ್ಡಿನ ಕಣ್ಣನ್ನು ತೋರಿಸಿದಳು. ಪೆಂಟಮ್ಮ ಹಚ್ಚಿದ ಬಂಡಾರದ ಮೇಲೆ ಅವಳು ಗದ್ವಾಲದಲ್ಲಿ ಹಚ್ಚಿದ ಅರಿಶಿನ ಸೇರಿ ಅದು ದೊಡ್ಡ ಗಡ್ಡೆಯಾಗಿತ್ತು. ಪೆಂಟಮ್ಮ ಮುಖ ತಿರುಗಿಸಿದಳು. ಅವಳನ್ನು ಶೆಡ್ಡಿನ ಕಂಬದ ಹತ್ತಿರ ನಿಲ್ಲಿಸಿ, ಭಾಗ್ಯಜ್ಯೋತಿ ಆಫೀಸಿಗೆ ಹೋಗಿ ಮೋಟಾರು ಚಾಲೂ ಮಾಡಿದಳು. ಖಾಲಿ ಯಂತ್ರ ಗಡಗಡ ಎಂದಿತು. ಪೆಂಟಮ್ಮ ಬೆಚ್ಚಿ, ಬಟ್ಟೆ ಸುತ್ತಿದ ಬಲಗೈಯನ್ನು ಎದೆಗೆ ಅವಚಿಕೊಂಡಳು.

“ಒತ್ತು ಅತ್ತಿ!” ಎಂದು ಭಾಗ್ಯಜ್ಯೋತಿ ಬಾಗಿಲಿನಿಂದ ಸನ್ನೆ ಮಾಡಿದಳು.

ಪೆಂಟಮ್ಮ ಎಡಗೈಯನ್ನು ಎತ್ತಿ ಒತ್ತಿದಳು. ಮೋಟಾರು ನಿಂತಿತು.

ಅವಳು ಗುಂಡಿಯನ್ನು ನೋಡಿದಳು, ಅಂಗಳದಾಚೆ ಕಿಟಕಿಯನ್ನು ನೋಡಿದಳು. “ಒರಸ್ದಿ?” ಎಂದಳು.

“ಇಲ್ಲ ಅತ್ತಿ. ಹಂಗೇ ಐತಿ. ನೀನೇ ಬಂದು ನೋಡು. ಬಂಡಾರ ಅಡ್ಡ ಆಗೇ ಇಲ್ಲ, ಅವತ್ತೂ ಆಗಿರ್ಲಿಲ್ಲ.” ಜೇಬಿನಿಂದ ತಂತಿ ತೆಗೆದು ಅಂಗೈಯಲ್ಲಿ ಹಿಡಿದಳು. “ಈ ತಂತಿ ಅಡ್ಡ ಆಗಿದ್ದು. ಡಬ್ಬಿಯೊಳಗ ಇತ್ತು. ಹಬ್ಬಕ್ಕಿಂತ ಮೊದ್ಲೇ... ಅಪ್ಪ ಹಾಕಿದ್ದ.”

ಖಂಡಪ್ಪ ಅಯ್ಯಣ್ಣನ ಕಡೆಗೆ ತಿರುಗಿದ. ಅವನ ಕೈ ಮುಷ್ಟಿಯಾದದ್ದನ್ನು ಭಾಗ್ಯಜ್ಯೋತಿ ಕಂಡಳು. ಪೆಂಟಮ್ಮ ಮಾತ್ರ ಯಾರನ್ನೂ ನೋಡಲಿಲ್ಲ. ಅಂಗಳ ದಾಟಿ ನೇರ ಆಫೀಸಿಗೆ ನಡೆದಳು. ಇಪ್ಪತ್ತು ವರ್ಷದಲ್ಲಿ ಪೂಜೆಯ ದಿನ ಬಿಟ್ಟು ಅವಳು ಆ ಕೋಣೆಯೊಳಗೆ ಬಂದವಳಲ್ಲ. ಹಳದಿ ಗಡ್ಡೆಯನ್ನು ಎಡಗೈಯಿಂದ ಸವರಿ ನೋಡಿದಳು. ಕಣ್ಣು ತುಂಬಿ ಬಂತು, ಆದರೆ ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ ಒಂದು ಜೀವ ಬಂದಿತ್ತು.

“ಹಂಗಾದ್ರ ನನ್ ಮೈಲಾರ ಏನೂ ಮಾಡಿಲ್ಲ,” ಎಂದಳು. “ಇನ್ನೊಮ್ಮೆ ತೋರ್ಸವ್ವ. ನಾ ಒತ್ತಿದ್ರ ಈ ಕಡಿ ಏನಾಗತೈತಿ ಅಂತ ನಾ ಒಮ್ಮೇನೂ ನೋಡಿಲ್ಲ. ಏನ್ರೀ, ನೀವು ಹೋಗಿ ಒತ್ರಿ.”

ಖಂಡಪ್ಪ ಶೆಡ್ಡಿಗೆ ಹೋದ. ಭಾಗ್ಯಜ್ಯೋತಿ ಪೆಂಟಮ್ಮನನ್ನು ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಕೂರಿಸಿ ಮೋಟಾರು ಚಾಲೂ ಮಾಡಿದಳು. ಖಂಡಪ್ಪ ಒತ್ತಿದ. ಪೆಂಟಮ್ಮನ ಮುಖದಿಂದ ಒಂದು ಮೊಳ ದೂರದಲ್ಲಿ ಹಸಿರು ದೀಪ ಹತ್ತಿತು, ಟಿಕ್ ಎಂದಿತು, ಮೋಟಾರು ನಿಂತಿತು.

ಪೆಂಟಮ್ಮ ದೀಪವನ್ನು ನೋಡಿದಳು. ತಾನು ಕೂತಿದ್ದ ಕುರ್ಚಿಯನ್ನು ನೋಡಿದಳು; ಅದರ ಕೈಗಳು, ಮೇಜಿನ ಮೇಲಿನ ಅಯ್ಯಣ್ಣನ ಕನ್ನಡಕ, ಕೂತಲ್ಲಿಂದಲೇ ಕೈಗೆ ಸಿಗುವ ಸ್ಟಾರ್ಟರಿನ ಕೆಂಪು ಗುಂಡಿ. ಮೆಲ್ಲಗೆ ಎದ್ದು ಬಾಗಿಲಿಗೆ ಬಂದಳು. ಅಂಗಳದಲ್ಲಿ ಅಯ್ಯಣ್ಣ ತಲೆ ತಗ್ಗಿಸಿಕೊಂಡು ನಿಂತಿದ್ದ.

“ಸಾವ್ಕಾರ್ರ, ಅವತ್ತು ನೀವು ಇಲ್ಲೇ ಕುಂತಿದ್ರೆಲ್ರೀ?”

ಅಯ್ಯಣ್ಣ ಹೂಂ ಎಂದ.

“ತಂತಿ ಮೋಟಾರಿಗೆ ಅಡ್ಡ. ದೀಪಕ್ಕ ಅಡ್ಡ ಏನಿತ್ತು? ದೀಪ ಹತ್ತಿತ್ತೇನ್ರೀ?”

ಇದು ಭಾಗ್ಯಜ್ಯೋತಿಗೆ ಹೊಳೆದೇ ಇರಲಿಲ್ಲ. ತಂತಿ ಸಿಕ್ಕ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದಳು. ಅಪ್ಪ ಇಲ್ಲ ಎನ್ನಲಿ, ಹತ್ತಲಿಲ್ಲ ಎನ್ನಲಿ, ಬೇಕಾದರೆ ಇನ್ನೊಂದು ಸುಳ್ಳೇ ಹೇಳಲಿ ಎಂದು ಬೇಡಿಕೊಂಡಳು.

“ಹತ್ತಿತ್ತು,” ಎಂದ ಅಯ್ಯಣ್ಣ. ದನಿ ಅವನದೇ ಅನ್ನಿಸಲಿಲ್ಲ. “ದಮ್ಮು ತಗೊಳ್ಳಾಕ ಒತ್ತೀದಿ ಅಂದ್ಕೊಂಡು ಸುಮ್ನ ಕುಂತ್ನಿ.”

“ನಾ ಮೂರು ಸಲ ಒತ್ತಿದ್ನೆಲ್ರೀ,” ಎಂದಳು ಪೆಂಟಮ್ಮ.

“ಮೂರೂ ಸಲ ಹತ್ತಿತ್ತು.”